ಹೊಟ್ಟೆಯೊಳಗೆ ಉಳಿದ ಗಾಜ್ ಬಟ್ಟೆ: ಪರಿಹಾರ ಕೇಳುವುದು ಎಲ್ಲಿ, ಹೇಗೆ?

ಕಾನೂನು ಪ್ರಶ್ನೋತ್ತರ

ಪ್ರಶ್ನೆ: ನನ್ನ ಹೆಂಡತಿಗೆ ಕಳೆದ ವರ್ಷದ ಫೆಬ್ರವರಿಯಲ್ಲಿ ನಮ್ಮ ಜಿಲ್ಲೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಯಾಯಿತು. ಮನೆಗೆ ಬಂದ ಮೇಲೂ ಹೊಟ್ಟೆನೋವು ನಿಲ್ಲಲಿಲ್ಲ. ಅದೇ ಆಸ್ಪತ್ರೆಗೆ ಮೂರು ಸಲ ಕರೆದುಕೊಂಡು ಹೋದೆವು. ಮೂರು ಸಲವೂ ಗ್ಯಾಸ್ಟ್ರಿಕ್ ಎಂದು ಮಾತ್ರೆ ಬರೆದು ಕಳಿಸಿದರು. ಅಕ್ಟೋಬರ್‌ನಲ್ಲಿ ಹುಬ್ಬಳ್ಳಿಯಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿಸಿದಾಗ ಗಂಟಿನಂತಹದು ಕಂಡಿತು. ಎರಡನೇ ಆಪರೇಷನ್‌ನಲ್ಲಿ ಅಂಗೈ ಅಗಲದ ಗಾಜ್ ಬಟ್ಟೆ ಹೊರಬಂತು. ಮನೆಯಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದ ಆಕೆಗೆ ಈಗ ಮಷಿನ್ ಮುಂದೆ ಅರ್ಧ ಗಂಟೆ ಕೂರಲೂ ಆಗುತ್ತಿಲ್ಲ. ಮೊದಲ ಆಸ್ಪತ್ರೆಗೆ 62 ಸಾವಿರ, ಎರಡನೆಯದಕ್ಕೆ 1 ಲಕ್ಷ 85 ಸಾವಿರ ರೂಪಾಯಿ ಕಟ್ಟಿದ್ದೇವೆ. 50 ಸಾವಿರ ಕೊಡುತ್ತೇವೆ, ಛಾಪಾ ಕಾಗದಕ್ಕೆ ಸಹಿ ಮಾಡಿ ಎಂದು ಮೊದಲ ಆಸ್ಪತ್ರೆಯವರು ಹೇಳುತ್ತಿದ್ದಾರೆ. ಪೊಲೀಸರಿಗೆ ದೂರು ಕೊಡು ಎಂದು ಊರಿನ ಹಿರಿಯರು ಹೇಳುತ್ತಾರೆ. ಏನು ಮಾಡಲಿ?
– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ನಿಮ್ಮ ಪತ್ನಿಯವರು ಎಂಟು ತಿಂಗಳು ಅನುಭವಿಸಿದ ನೋವನ್ನು ಓದಿ ನನಗೂ ಸಂಕಟವಾಯಿತು. ಮೊದಲಿಗೆ ಒಂದು ಮಾತು: ಆ ಛಾಪಾ ಕಾಗದಕ್ಕೆ ಈಗ ಸಹಿ ಹಾಕಬೇಡಿ. ‘ಮುಂದೆ ಯಾವ ದೂರನ್ನೂ ಕೊಡುವುದಿಲ್ಲ’ ಎಂಬ ಒಂದು ಸಾಲು ಅದರಲ್ಲಿದ್ದರೆ, ನಾಳೆ ಗ್ರಾಹಕ ಆಯೋಗದಲ್ಲಿ ಎದುರು ಪಕ್ಷದವರು ಮೊದಲು ಮುಂದಿಡುವುದು ಅದನ್ನೇ. ಆಪರೇಷನ್‌ಗೆ ಮುಂಚೆ ನೀವು ಸಹಿ ಮಾಡಿದ ಒಪ್ಪಿಗೆ ಪತ್ರದ ಬಗ್ಗೆ ಮಾತ್ರ ಚಿಂತೆ ಬೇಡ. ಅದು ಶಸ್ತ್ರಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯೇ ಹೊರತು ನಿರ್ಲಕ್ಷ್ಯಕ್ಕೆ ಕೊಟ್ಟದ್ದಲ್ಲ.

ಎರಡನೆಯ ಕೆಲಸ ದಾಖಲೆಗಳನ್ನು ಪಡೆಯುವುದು. ಇದನ್ನು ಈ ವಾರವೇ ಮಾಡಿ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ವೃತ್ತಿ ನಡಾವಳಿ ನಿಯಮಗಳ ಪ್ರಕಾರ, ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಕಾಯ್ದಿಡಬೇಕು ಮತ್ತು ರೋಗಿಯಾಗಲಿ ಅಧಿಕೃತ ಸಹಾಯಕರಾಗಲಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಬಾಯಿಮಾತಿನಲ್ಲಿ ಕೇಳಬೇಡಿ, ಪತ್ನಿಯವರ ಸಹಿಯೊಂದಿಗೆ ಅರ್ಜಿ ಬರೆದು, ನಕಲಿನ ಮೇಲೆ ಆಸ್ಪತ್ರೆಯ ಮೊಹರು ಹಾಕಿಸಿಕೊಳ್ಳಿ, ಹಾಕದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಡಿಸ್ಚಾರ್ಜ್ ಕಾರ್ಡ್ ಒಂದನ್ನೇ ಕೈಗಿತ್ತು ಕಳಿಸುವುದುಂಟು. ನಿಮಗೆ ಬೇಕಾಗಿರುವುದು ಪೂರ್ತಿ ಕೇಸ್ ಶೀಟ್, ಅದರಲ್ಲೂ ಆಪರೇಷನ್ ನೋಟ್ಸ್ ಮತ್ತು ನರ್ಸ್‌ಗಳು ಗಾಜ್ ಎಣಿಕೆ ಬರೆದಿಟ್ಟ ಹಾಳೆ. ಹೊಟ್ಟೆ ಮುಚ್ಚುವ ಮೊದಲು ಒಳಗೆ ಹೋದ ಬಟ್ಟೆಗಳಷ್ಟೂ ಹೊರಗೆ ಬಂದಿವೆಯೇ ಎಂದು ಎಣಿಸಿ ಬರೆಯುವುದು ಶಸ್ತ್ರಚಿಕಿತ್ಸೆಯ ಪಾಠದಷ್ಟೇ ಹಳೆಯ ಕ್ರಮ. ಆ ಹಾಳೆಯಲ್ಲಿ ‘ಎಣಿಕೆ ಸರಿಯಿದೆ’ ಎಂದಿದ್ದರೆ ಎಣಿಕೆ ತಪ್ಪಿದೆ ಎಂದಾಯಿತು. ಹಾಳೆಯೇ ಇಲ್ಲದಿದ್ದರೆ ಎಣಿಸಿದ್ದಕ್ಕೆ ಆಸ್ಪತ್ರೆಯ ಬಳಿ ಪುರಾವೆ ಇಲ್ಲವೆಂದಾಯಿತು. ಎರಡರಿಂದಲೂ ನಿಮ್ಮ ದೂರಿಗೆ ಬಲ ಬರುತ್ತದೆ. ಹುಬ್ಬಳ್ಳಿಯ ವೈದ್ಯರಿಂದ ಸ್ಕ್ಯಾನ್ ಫಿಲ್ಮ್, ಆಪರೇಷನ್ ನೋಟ್ಸ್, ಹೊರತೆಗೆದ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸಿದ್ದರೆ ಅದರ ವರದಿ ಮತ್ತು ತೆಗೆದಿದ್ದರೆ ಫೋಟೊ, ಇವಿಷ್ಟನ್ನೂ ಪಡೆಯಿರಿ.

ಇನ್ನು ಕಾಲಮಿತಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರು ಕೊಡಲು ಕಾರಣ ಹುಟ್ಟಿದ ದಿನದಿಂದ 2 ವರ್ಷದ ಅವಧಿ ಇದೆ. ನಿಮ್ಮ ಪ್ರಕರಣದಲ್ಲಿ ಕಾರಣ ಹುಟ್ಟಿದ್ದು ಫೆಬ್ರವರಿಯಲ್ಲೋ ಅಕ್ಟೋಬರ್‌ನಲ್ಲೋ? ಒಳಗೆ ಅಡಗಿದ್ದ ತಪ್ಪು ಗೊತ್ತಾದ ದಿನದಿಂದ, ಅಥವಾ ಸಾಮಾನ್ಯ ಎಚ್ಚರ ವಹಿಸಿದ್ದರೆ ಗೊತ್ತಾಗಬಹುದಾಗಿದ್ದ ದಿನದಿಂದ ಲೆಕ್ಕ ಎಂಬುದು ಸುಪ್ರೀಂ ಕೋರ್ಟ್ 2010ರಲ್ಲಿ ವಿವರಿಸಿದ ತತ್ವ. ಆದರೆ ಆ ಪ್ರಕರಣದ ಅಂತ್ಯವನ್ನು ನೀವು ತಿಳಿದಿರಬೇಕು. ಅಲ್ಲಿಯೂ ಒಳಗುಳಿದಿದ್ದು ಗಾಜ್ ಬಟ್ಟೆಯೇ. ಪಿತ್ತಕೋಶದ ಕಲ್ಲಿಗಾಗಿ 1993ರಲ್ಲಿ ಆಪರೇಷನ್ ಆಗಿದ್ದ ಮಹಿಳೆ ವರ್ಷಗಟ್ಟಲೆ ನೋವಿನ ಮಾತ್ರೆ ನುಂಗುತ್ತಾ ಬಂದರು. 2002ರಲ್ಲಿ ಬಟ್ಟೆ ಹೊರಬಂತು, 2004ರಲ್ಲಿ ದೂರು ಕೊಟ್ಟರು. ಸ್ವತಃ ನರ್ಸ್ ಆಗಿದ್ದ ಅವರು ಅಷ್ಟು ಕಾಲ ಆಪರೇಷನ್ ಮಾಡಿದ ವೈದ್ಯರನ್ನು ಕೇಳದೆ ಉಳಿದದ್ದು ಏಕೆ ಎಂದು ಪ್ರಶ್ನಿಸಿದ ನ್ಯಾಯಾಲಯ, ಅವಧಿ ಮೀರಿದೆಯೆಂದು ದೂರನ್ನು ತಳ್ಳಿಹಾಕಿತು. ನಿಮ್ಮ ಪತ್ನಿಯವರು ಸುಮ್ಮನೆ ಕೂರಲಿಲ್ಲ, ಮೂರು ಸಲ ಅದೇ ವೈದ್ಯರ ಬಳಿಗೆ ಹೋದರು. ಗ್ಯಾಸ್ಟ್ರಿಕ್ ಎಂದು ಬರೆದುಕೊಟ್ಟ ಆ ಮೂರು ಓಪಿಡಿ ಚೀಟಿಗಳನ್ನು ಮನೆಯಲ್ಲಿ ಹುಡುಕಿ ಜೋಪಾನ ಮಾಡಿ, ಏಕೆಂದರೆ ಕಾಲಮಿತಿಯ ಆಕ್ಷೇಪಕ್ಕೂ ನಿರ್ಲಕ್ಷ್ಯದ ಆರೋಪಕ್ಕೂ ಅವೇ ಸಾಕ್ಷಿ. ಆದರೂ ನನ್ನ ಸಲಹೆ, ಫೆಬ್ರವರಿಯಿಂದಲೇ ಲೆಕ್ಕ ಹಿಡಿದು ಅದರೊಳಗೆ ದೂರು ದಾಖಲಿಸಿ. ವಾದಕ್ಕೆ ಎಡೆ ಕೊಡುವುದೇಕೆ?

ದೂರು ಕೊಡಬೇಕಾದದ್ದು ಹಾವೇರಿಯ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ. ಯಾವ ಹಂತದ ಆಯೋಗ ಎಂಬುದು ಈಗ ನೀವು ಕೇಳುವ ಪರಿಹಾರದ ಮೇಲಲ್ಲ, ಸೇವೆಗೆ ಕೊಟ್ಟ ಹಣದ ಮೇಲೆ ನಿಂತಿದೆ. 50 ಲಕ್ಷ ರೂಪಾಯಿವರೆಗೆ ಕೊಟ್ಟಿದ್ದರೆ ಜಿಲ್ಲಾ ಆಯೋಗವೇ. ನೀವು ಕೊಟ್ಟದ್ದು 62 ಸಾವಿರವಾದ್ದರಿಂದ, 5 ಲಕ್ಷದವರೆಗೆ ಶುಲ್ಕವಿಲ್ಲವೆಂಬ ನಿಯಮದಂತೆ ದೂರಿಗೆ ಶುಲ್ಕವೂ ಇಲ್ಲ. ಆಸ್ಪತ್ರೆ ಮತ್ತು ಆಪರೇಷನ್ ಮಾಡಿದ ವೈದ್ಯರು ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ. ಹೊರಗಿನಿಂದ ಬಂದುಹೋಗುವ ವೈದ್ಯರು ಮಾಡಿದ ತಪ್ಪಿಗೂ ಆಸ್ಪತ್ರೆ ಹೊಣೆಯೆಂದು ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿದೆ. ವಕೀಲರಿಲ್ಲದೆ ತಾವೇ ವಾದಿಸಲು ಕಾನೂನು ಬಿಡುತ್ತದೆಯಾದರೂ, ವೈದ್ಯಕೀಯ ಪ್ರಕರಣದಲ್ಲಿ ಅನುಭವಸ್ಥರೊಬ್ಬರು ಜೊತೆಗಿರುವುದು ಒಳ್ಳೆಯದು. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಪತ್ನಿಯವರ ಹೆಸರಿನಲ್ಲೇ ಅರ್ಜಿ ಕೊಡಿ, ಅಥವಾ 15100ಕ್ಕೆ ಕರೆ ಮಾಡಿ.

ತಜ್ಞ ವೈದ್ಯರು ಬಂದು ಸಾಕ್ಷಿ ಹೇಳಲೇಬೇಕೇ ಎಂಬ ಅಳುಕು ಬಹಳ ಜನರಿಗಿದೆ. ಎಲ್ಲ ಪ್ರಕರಣದಲ್ಲೂ ತಜ್ಞರ ಅಭಿಪ್ರಾಯ ಕಡ್ಡಾಯವಲ್ಲವೆಂದು ಸುಪ್ರೀಂ ಕೋರ್ಟ್ 2010ರ ಇನ್ನೊಂದು ತೀರ್ಪಿನಲ್ಲಿ ಹೇಳಿತು. ಹೊಟ್ಟೆಯೊಳಗೆ ಬಟ್ಟೆ ತಾನಾಗಿ ಬರುವುದಿಲ್ಲ. ಇಂಥ ಕಡೆ ಹೇಗೆ ಉಳಿಯಿತೆಂದು ವಿವರಿಸುವ ಹೊರೆ ಆಸ್ಪತ್ರೆಯ ಮೇಲೆ ಬೀಳುತ್ತದೆ.

ಎಷ್ಟು ಕೇಳಬೇಕು? ಎರಡನೇ ಆಪರೇಷನ್‌ನ ಖರ್ಚು, ಓಡಾಟ, ಜೊತೆಗಿದ್ದವರ ದಿನಗೂಲಿ ನಷ್ಟ, ಮುಂದಿನ ಚಿಕಿತ್ಸೆ, ಪತ್ನಿಯವರ ದುಡಿಮೆ ನಷ್ಟ, ನೋವು ಮತ್ತು ಮಾನಸಿಕ ಯಾತನೆ, ಇವನ್ನು ಬೇರೆ ಬೇರೆಯಾಗಿ ಬರೆದು ಬಡ್ಡಿಯನ್ನೂ ಕೇಳಿ. ಹೊಲಿಗೆಗೆ ಸಂಬಳ ಚೀಟಿ ಎಲ್ಲಿಂದ ತರುವುದು ಎಂದು ನಿರಾಶರಾಗಬೇಡಿ: ಗಿರಾಕಿಗಳ ಹೆಸರು, ಅಳತೆ, ಕೊಡಬೇಕಾದ ದಿನ, ಮುಂಗಡ ಬರೆದಿಟ್ಟ ಪುಸ್ತಕವೊಂದು ಮಷಿನ್ ಪಕ್ಕದಲ್ಲಿ ಇದ್ದೇ ಇರುತ್ತದೆ. ಹೆರಿಗೆಗೆ ಮುಂಚಿನ ತಿಂಗಳುಗಳಲ್ಲಿ ತುಂಬಿದ್ದ ಹಾಳೆಗಳು ಆಮೇಲೆ ಖಾಲಿ ಬಿದ್ದಿರುವುದೇ ಆದಾಯ ನಷ್ಟದ ಪುರಾವೆ. ಗಿರಾಕಿಗಳಲ್ಲಿ ಒಂದಿಬ್ಬರ ಪ್ರಮಾಣಪತ್ರವೂ ಇರಲಿ. ಪತ್ರಿಕೆಗಳಲ್ಲಿ ಓದಿದ ಕೋಟಿಗಳನ್ನು ಮನಸ್ಸಿನಲ್ಲಿಟ್ಟು ಕೂರುವುದು ಬೇಡ. ಕೋಲ್ಕತ್ತದ ಪ್ರಕರಣವೊಂದರಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ಸುಮಾರು 6 ಕೋಟಿ ರೂಪಾಯಿ ಸಿಕ್ಕಿತು ನಿಜ, ಆದರೆ ಪತ್ನಿಯನ್ನು ಕಳೆದುಕೊಂಡ ಆ ವೈದ್ಯ ಪತಿ 1998ರಿಂದ ಹೋರಾಡಿದ್ದರು. ರೋಗಿಯ ಒಪ್ಪಿಗೆಯಿಲ್ಲದೆ ಗರ್ಭಕೋಶ ತೆಗೆದ ದೆಹಲಿಯ ಪ್ರಕರಣದಲ್ಲಿ 2008ರಲ್ಲಿ ಅದೇ ನ್ಯಾಯಾಲಯ ಕೊಡಿಸಿದ್ದು 25 ಸಾವಿರ ಮಾತ್ರ. ನನ್ನ ಮಟ್ಟಿಗೆ ಅದು ತೀರಾ ಕಡಿಮೆ. ದಾಖಲೆ ಹಿಡಿದು ಕೇಳಿದ ಮೊತ್ತಕ್ಕೆ ತೂಕವಿರುತ್ತದೆ.

ಪೊಲೀಸ್ ದೂರಿನ ವಿಚಾರ. ವೈದ್ಯರ ಮೇಲೆ ಕ್ರಿಮಿನಲ್ ಪ್ರಕರಣ ನಿಲ್ಲಬೇಕಾದರೆ ನಿರ್ಲಕ್ಷ್ಯ ಘೋರವಾಗಿರಬೇಕು, ತನಿಖಾಧಿಕಾರಿ ಮೊದಲು ಸ್ವತಂತ್ರ ವೈದ್ಯಕೀಯ ಅಭಿಪ್ರಾಯ ಪಡೆಯಬೇಕು ಎಂಬುದು ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2005ರಲ್ಲಿ ಕೊಟ್ಟ ತೀರ್ಪು. ಕ್ರಿಮಿನಲ್ ಕೇಸಿನಿಂದ ನಿಮಗೆ ಬೇಕಾದ ಪರಿಹಾರ ಬರುವುದಿಲ್ಲ. ಹಿರಿಯರ ಸಿಟ್ಟು ನ್ಯಾಯವಾದದ್ದೇ, ಆದರೆ ನಿಮ್ಮ ಶಕ್ತಿಯನ್ನು ಆಯೋಗದ ದೂರಿಗೇ ಇಡಿ. ವೈದ್ಯರ ವೃತ್ತಿ ನಡತೆಯ ಬಗ್ಗೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಬೇರೆ ದೂರು ಕೊಡಬಹುದು. ಪರಿಷತ್ತು ನೋಂದಣಿ ಅಮಾನತು ಮಾಡಬಲ್ಲದು, ಹಣ ಕೊಡಿಸಲಾರದು.

ಪ್ರಶ್ನೆ: ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಪೊರೆ ಆಪರೇಷನ್ ಮಾಡಿಸಿಕೊಂಡ ನಮ್ಮ ತಂದೆಗೆ ಸೋಂಕು ತಗುಲಿ ಒಂದು ಕಣ್ಣು ಹೋಯಿತು. ಹಣ ಕೊಟ್ಟಿಲ್ಲವಾದ್ದರಿಂದ ಕೇಳುವ ಹಕ್ಕಿಲ್ಲವೇ?
– ಓದುಗರು, ಚಿತ್ರದುರ್ಗ

ಉತ್ತರ: ಹಕ್ಕು ಇದೆ, ಆದರೆ ಬಾಗಿಲು ಬೇರೆ. ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆ ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ಬಾರದು; ನೋಂದಣಿಗೆ ಕೊಟ್ಟ ಅಲ್ಪ ಶುಲ್ಕ ಲೆಕ್ಕಕ್ಕಿಲ್ಲ ಎಂದು 1995ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಕೆಲವರಿಂದ ಹಣ ಪಡೆದು ಉಳಿದವರಿಗೆ ಉಚಿತವಾಗಿ ಕೊಡುವ ಆಸ್ಪತ್ರೆಯಾದರೆ ಉಚಿತ ರೋಗಿಯೂ ಗ್ರಾಹಕನೇ, ಆದ್ದರಿಂದ ಅಲ್ಲಿ ಹಣ ಕೊಡುವ ವಾರ್ಡ್ ಇದೆಯೇ ವಿಚಾರಿಸಿ. ಇಲ್ಲದಿದ್ದರೆ ಸರ್ಕಾರಕ್ಕೆ 2 ತಿಂಗಳ ನೋಟಿಸ್ ಕೊಟ್ಟು ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಬೇಕು. ಔರಂಗಾಬಾದ್‌ನ ಸರ್ಕಾರಿ ಆಸ್ಪತ್ರೆಯಲ್ಲಿ 1963ರಲ್ಲಿ ಹೆಣ್ಣುಮಗಳೊಬ್ಬಳ ಹೊಟ್ಟೆಯೊಳಗೆ ಬಟ್ಟೆ ಬಿಟ್ಟು ಅವಳು ತೀರಿಕೊಂಡಾಗ ಹೂಡಿದ ಇಂಥ ದಾವೆಯಲ್ಲೇ ಸರ್ಕಾರ ಹೊಣೆಯೆಂದು 1996ರಲ್ಲಿ ಇತ್ಯರ್ಥವಾಯಿತು.

ಸೋಂಕು ತಗುಲಿದ ಮಾತ್ರಕ್ಕೆ ನಿರ್ಲಕ್ಷ್ಯ ಎಂದಾಗದು. ಎಚ್ಚರ ವಹಿಸಿದರೂ ಕೆಲವೊಮ್ಮೆ ತಗುಲುತ್ತದೆ. ಆದರೆ ಅದೇ ದಿನ, ಅದೇ ಕೊಠಡಿಯಲ್ಲಿ ಆಪರೇಷನ್ ಆದ ಇತರರಿಗೂ ಹಾಗೇ ಆಗಿದ್ದರೆ ಮಾತು ಬೇರೆ. ಆ ದಿನ ಎಷ್ಟು ಆಪರೇಷನ್ ಆಯಿತು, ಎಷ್ಟು ಮಂದಿಗೆ ಸೋಂಕಾಯಿತು, ಉಪಕರಣ ಶುದ್ಧೀಕರಣದ ದಾಖಲೆ ಏನಿದೆ ಎಂದು ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. 30 ದಿನದಲ್ಲಿ ಉತ್ತರ ಬರಬೇಕು.

ಪ್ರಶ್ನೆ: ನನ್ನ ವಕೀಲರು ಮೇಲ್ಮನವಿಯ ಅವಧಿ ಮೀರಲು ಬಿಟ್ಟರು. ವೈದ್ಯರಂತೆ ಅವರ ಮೇಲೂ ಗ್ರಾಹಕ ಆಯೋಗಕ್ಕೆ ಹೋಗಬಹುದೇ?
– ಓದುಗರು, ಶಿರಸಿ

ಉತ್ತರ: ಆಗದು. ವಕೀಲರ ಸೇವೆ ಗ್ರಾಹಕ ಕಾಯ್ದೆಗೆ ಒಳಪಡುವುದಿಲ್ಲವೆಂದು ಸುಪ್ರೀಂ ಕೋರ್ಟ್ 2024ರ ಮೇ 14ರಂದು ತೀರ್ಪು ನೀಡಿದೆ. ನಷ್ಟಕ್ಕೆ ಸಿವಿಲ್ ದಾವೆ, ದುರ್ನಡತೆಗೆ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ ದೂರು, ಈ ಎರಡು ದಾರಿ ಉಳಿದಿವೆ. ಅದಕ್ಕೂ ಮೊದಲು, ವಿಳಂಬ ಮನ್ನಿಸುವಂತೆ ಕೋರಿ ಬೇರೆ ವಕೀಲರ ಮೂಲಕ ಮೇಲ್ಮನವಿಯನ್ನು ಕೂಡಲೇ ಸಲ್ಲಿಸಿ.