ಮಳೆಗಾಲದಲ್ಲಿ ನಮ್ಮ ಬಡ್ಜಿ ಮಂಕಾಗಿದೆ, ನವಣೆ ಬಿಟ್ಟು ಏನೂ ತಿನ್ನುವುದಿಲ್ಲ. ಏನು ಮಾಡಬೇಕು?

ನಮಸ್ಕಾರ. ಹೊಸನಗರದ ಹತ್ತಿರ ಮನೆ, ಬೇಸಿಗೆ ರಜೆಯಲ್ಲಿ ಮಗಳಿಗೆಂದು ಒಂದು ಜೋಡಿ ಬಡ್ಜಿ, ಅಂದರೆ ಪುಟ್ಟ ಗಿಳಿ, ತಂದಿರಿ, ಮಳೆ ಹಿಡಿದ ಮೇಲೆ ಹೆಣ್ಣು ಹಕ್ಕಿ ಪುಕ್ಕ ಉಬ್ಬಿಸಿಕೊಂಡು ಕೂರುತ್ತಿದೆ, ಏನು ತಿನ್ನಿಸಬೇಕು ಅಂತ ಕೇಳಿದ್ದೀರಿ. ನಾನು ತೀರ್ಥಹಳ್ಳಿಯವಳು. ಒಂಬತ್ತು ಮಳೆಗಾಲ ಈ ಹಕ್ಕಿಗಳ ಜೊತೆ ಕಳೆದಿದ್ದೇನೆ.

ತಿನ್ನಿಸುವ ವಿಚಾರ ಆಮೇಲೆ. ಮೊದಲು ಆ ಹೆಣ್ಣು ಹಕ್ಕಿಯನ್ನು ಈಗಲೇ ಹೋಗಿ ನೋಡಿ. ಪಂಜರದ ತಳದಲ್ಲಿ ಕೂತಿದೆಯಾ? ಉಸಿರಾಡುವಾಗ ಬಾಲ ಮೇಲೆ ಕೆಳಗೆ ಆಡುತ್ತಿದೆಯಾ? ಹೊಟ್ಟೆಯ ಕೆಳಭಾಗ ಊದಿಕೊಂಡು, ಹಕ್ಕಿ ತಿಣುಕುತ್ತಿದೆಯಾ? ಇದರಲ್ಲಿ ಒಂದು ಕಂಡರೂ ನಾಳೆ ನೋಡೋಣ ಅನ್ನಬೇಡಿ. ಹೆಣ್ಣು ಹಕ್ಕಿಗೆ ಮೊಟ್ಟೆ ಸಿಕ್ಕಿಕೊಂಡರೆ ಸಮಯ ಬಹಳ ಕಡಿಮೆ ಇರುತ್ತದೆ. ಬಡ್ಜಿ ತನ್ನ ಕಾಯಿಲೆಯನ್ನು ಆದಷ್ಟು ದಿನ ಮುಚ್ಚಿಡುವ ಹಕ್ಕಿ. ನಮ್ಮ ಕಣ್ಣಿಗೆ ಮಂಕಾಗಿ ಕಾಣುವ ಹೊತ್ತಿಗೆ ಅದಕ್ಕೆ ಹುಷಾರಿಲ್ಲದೆ ಆಗಲೇ ಕೆಲವು ದಿನ ಆಗಿರಬಹುದು. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ವಿಚಾರಿಸಿ, ಇಲ್ಲವೇ ಹಕ್ಕಿ ನೋಡಿ ಅಭ್ಯಾಸ ಇರುವ ವೈದ್ಯರು ಹತ್ತಿರದಲ್ಲಿ ಯಾರಿದ್ದಾರೆ ಅಂತ ಕೇಳಿ. ಪಂಜರದ ಅಡಿಯ ಪೇಪರನ್ನು ಹಿಕ್ಕೆ ಸಮೇತ ತೆಗೆದುಕೊಂಡು ಹೋಗಿ, ಅದನ್ನು ನೋಡಿದರೆ ಅವರಿಗೆ ಬಹಳ ತಿಳಿಯುತ್ತದೆ. ಮನುಷ್ಯರ ಮಾತ್ರೆಯನ್ನು ಚೂರು ಮಾಡಿ ನೀರಿಗೆ ಹಾಕುವ ಕೆಲಸ ಮಾತ್ರ ದಯವಿಟ್ಟು ಮಾಡಬೇಡಿ.

ಅಲ್ಲಿಯವರೆಗೆ ಬೆಚ್ಚಗಿಡಿ. ಪಂಜರದ ಮೂರು ಕಡೆ ಬಟ್ಟೆ ಹೊದಿಸಿ, ತೆರೆದ ಕಡೆಯ ಒಂದು ಮೂಲೆಯ ಹೊರಗೆ ಹಳೇ ಕಾಲದ 40 ವ್ಯಾಟಿನ ಬಲ್ಬ್ ಹಚ್ಚಿ. ಎಲ್ಇಡಿ ಬಲ್ಬ್ ಬಿಸಿ ಕೊಡುವುದಿಲ್ಲ. ಬಲ್ಬು ಬಟ್ಟೆಗೆ ತಾಗಬಾರದು. ಸೆಖೆಯಾದರೆ ಹಕ್ಕಿ ಸರಿದು ಕೂರಲು ಇನ್ನೊಂದು ಮೂಲೆ ತಂಪಾಗಿರಬೇಕು. ಕರೆಂಟು ಹೋದರೆ ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಪಂಜರಕ್ಕೆ ಒರಗಿಸಿಡಿ. ಕೆಂಡದ ಬಾಣಲೆ ಬೇಡವೇ ಬೇಡ.

ಈಗ ನವಣೆ. ನಾವು ಸುಮ್ನೆ ಲವ್ ಬರ್ಡ್ಸ್ ಅಂತ ಕರೆಯುವ ಈ ಹಕ್ಕಿ ಆಸ್ಟ್ರೇಲಿಯಾದ ಒಳನಾಡಿನದು. ಅದು ಮಳೆ ಕಡಿಮೆ ಇರುವ ಬಯಲು. ಅಲ್ಲಿ ಹುಲ್ಲಿನ ಬೀಜ ತಿಂದು, ನೀರು ಹುಡುಕುತ್ತಾ ಹಿಂಡುಹಿಂಡಾಗಿ ತಿರುಗುತ್ತದೆ. ಅಂಥ ಹಕ್ಕಿಯನ್ನು ನಾವು ತಂದು ಸಾಕುತ್ತಿರುವುದು ಮಲೆನಾಡಿನಲ್ಲಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ನಮ್ಮಲ್ಲಿ ಆಷಾಢದಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ ಅಂದಮೇಲೆ ಕಾಳಿಗೆ ಹಿಡಿಯದೇ ಇರುತ್ತದಾ?

ನನ್ನ ಮೊದಲ ಗಂಡು ಹಕ್ಕಿ ಹೋದದ್ದು ಇದರಿಂದಲೇ ಇರಬೇಕು. ಅಗ್ಗಕ್ಕೆ ಸಿಕ್ಕಿತೆಂದು ಮೇ ತಿಂಗಳಲ್ಲಿ ಐದು ಕಿಲೋ ನವಣೆ ತಂದು ಚೀಲದಲ್ಲೇ ಇಟ್ಟಿದ್ದೆ. ಜುಲೈನಲ್ಲಿ ಕೈ ಹಾಕಿದರೆ ಕಾಳು ಒಂದಕ್ಕೊಂದು ಅಂಟಿತ್ತು, ಸಣ್ಣಗೆ ಮುಗ್ಗಲು ವಾಸನೆ. ಜಾಡಿಸಿ, ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಹಾಕಿದೆ. ಹತ್ತು ದಿನಕ್ಕೆ ಹಕ್ಕಿ ತಿನ್ನುವುದು ಬಿಟ್ಟಿತು, ಆಮೇಲೆ ಉಳಿಯಲಿಲ್ಲ. ಬೂಷ್ಟು ಬಿಟ್ಟ ವಿಷ ಬಿಸಿ ಮಾಡಿದರೆ ಹೋಗುವುದಿಲ್ಲ, ಅದು ನೇರ ಯಕೃತ್ತಿಗೇ ಹೊಡೆಯುತ್ತದೆ ಅಂತ ಆಮೇಲೆ ವೈದ್ಯರಿಂದ ತಿಳಿಯಿತು. ಈಗ ಅರ್ಧ ಕಿಲೋಕ್ಕಿಂತ ಜಾಸ್ತಿ ತರುವುದಿಲ್ಲ. ಸಿಪ್ಪೆ ಇರುವ ಕಾಳನ್ನೇ ತರುತ್ತೇನೆ, ನವಣೆ ಅಕ್ಕಿ ಬೇಗ ಕೆಡುತ್ತದೆ. ಬಿಗಿ ಮುಚ್ಚಳದ ಡಬ್ಬಿಗೆ ತುಂಬಿ ಫ್ರಿಜ್ಜಿನಲ್ಲಿ ಇಡುತ್ತೇನೆ. ಕಾಳು ಚೆನ್ನಾಗಿದೆಯಾ ಅಂತ ನೋಡಲು ಒಂದು ಚಮಚ ನೆನೆಸಿ ಬಟ್ಟೆಯಲ್ಲಿ ಕಟ್ಟಿಡಿ. ಎರಡು ದಿನದಲ್ಲಿ ಬಹುಪಾಲು ಮೊಳಕೆ ಬರಬೇಕು. ಬರದಿದ್ದರೆ ಅದು ಹಳೇ ಕಾಳು.

ಇನ್ನೊಂದು ಮಾತು. ಬಡ್ಜಿ ಕಾಳಿನ ಸಿಪ್ಪೆ ಸುಲಿದು ಒಳಗಿನದನ್ನು ತಿಂದು, ಹೊಟ್ಟನ್ನು ಬಟ್ಟಲಿನಲ್ಲೇ ಬಿಡುತ್ತದೆ. ದೂರದಿಂದ ಬಟ್ಟಲು ತುಂಬಿದ ಹಾಗೇ ಕಾಣುತ್ತದೆ. ಕಾಳು ಇದೆಯಲ್ಲ ಅಂದುಕೊಂಡು ಹಕ್ಕಿಯನ್ನು ಉಪವಾಸ ಕೆಡವಿದವರಿದ್ದಾರೆ. ದಿನಾ ಬೆಳಿಗ್ಗೆ ಹೊಟ್ಟನ್ನು ಊದಿ ನೋಡಿ. ಒಂದು ಹಕ್ಕಿಗೆ ದಿನಕ್ಕೆ ಒಂದೂವರೆಯಿಂದ ಎರಡು ಟೀ ಚಮಚ ಕಾಳು ಸಾಕು. ನವಣೆಯ ಜೊತೆ ಸಾಮೆ, ಬರಗು, ಸ್ವಲ್ಪ ಸಜ್ಜೆ ಬೆರೆಸಿ. ಸೂರ್ಯಕಾಂತಿ ಬೀಜ ಎಣ್ಣೆಯ ಕಾಳು, ಅಪರೂಪಕ್ಕೆ ಒಂದೆರಡು ಕೊಟ್ಟರಾಯಿತು.

ಆದರೆ ಕಾಳು ಎಷ್ಟೇ ಒಳ್ಳೆಯದಿದ್ದರೂ ಅದೊಂದೇ ಸಾಲದು. ಅದರಲ್ಲಿ ಎ ಜೀವಸತ್ವ, ಸುಣ್ಣದ ಅಂಶ, ಅಯೋಡಿನ್ ತೀರಾ ಕಡಿಮೆ. ವರ್ಷಗಟ್ಟಲೆ ಕಾಳನ್ನೇ ತಿಂದ ಹಕ್ಕಿಗೆ ಬೊಜ್ಜು, ಯಕೃತ್ತಿನ ತೊಂದರೆ, ಗಂಟಲಿನ ಗ್ರಂಥಿ ಊತ ಬರುತ್ತವೆ. ಅದಕ್ಕೇ ಸೊಪ್ಪು ಬೇಕು. ಕೊತ್ತಂಬರಿ, ಮೆಂತ್ಯ, ನುಗ್ಗೆಸೊಪ್ಪು ಚೆನ್ನಾಗಿ ಆಗುತ್ತವೆ. ಕ್ಯಾರೆಟ್ ತುರಿದು ಕೊಡಿ. ಪಾಲಕ್ ವಾರಕ್ಕೊಮ್ಮೆ ಸಾಕು. ಸುಣ್ಣದ ಅಂಶಕ್ಕೆ ಕಟಲ್ ಬೋನ್ ಅಂತ ಬಿಳಿ ಓಡು ಅಂಗಡಿಯಲ್ಲಿ ಸಿಗುತ್ತದೆ, ಪಂಜರಕ್ಕೆ ಕಟ್ಟಿಬಿಡಿ. ಮೊಟ್ಟೆ ಇಡುವ ಹೆಣ್ಣಿಗೆ ಅದು ಇರಲೇಬೇಕು.

ನವಣೆ ಬಿಟ್ಟು ಬೇರೇನೂ ಮುಟ್ಟುವುದೇ ಇಲ್ಲ ಅಂದಿರಲ್ಲ, ಅದಕ್ಕೆ ತಾಳ್ಮೆ ಒಂದೇ ದಾರಿ. ಅವಕ್ಕೆ ಸೊಪ್ಪು ತಿನ್ನುವ ವಸ್ತು ಅಂತಲೇ ಗೊತ್ತಿಲ್ಲ. ಹಸಿವು ಜೋರಾಗಿರುವ ಬೆಳಗಿನ ಹೊತ್ತು, ಕಾಳು ಹಾಕುವ ಅರ್ಧ ಗಂಟೆ ಮೊದಲು ಕೊತ್ತಂಬರಿ ಕಟ್ಟನ್ನು ಒದ್ದೆಯಾಗಿಯೇ ಪಂಜರದ ಮೇಲಿಂದ ಇಳಿಬಿಡಿ. ಮೊದಲು ಅದರ ನೀರಿನಲ್ಲಿ ಮೈ ಉಜ್ಜುತ್ತವೆ, ಆಮೇಲೆ ಕೊಕ್ಕು ಹಾಕುತ್ತವೆ. ಮಗಳು ಎದುರಿಗೆ ಕೂತು ಅದೇ ಸೊಪ್ಪಿನ ಎಲೆ ಮೆಲ್ಲಲಿ, ಹಿಂಡಿನ ಹಕ್ಕಿಗಳಲ್ವಾ, ಜೊತೆಯವರು ತಿಂದರೆ ತಾವೂ ನೋಡುತ್ತವೆ. ನನ್ನ ಈಗಿನ ಜೋಡಿ ಮೂರು ವಾರ ಸತಾಯಿಸಿ ಒಂದು ದಿನ ಇದ್ದಕ್ಕಿದ್ದಂತೆ ಕಟ್ಟು ಪೂರ್ತಿ ಬೋಳು ಮಾಡಿದವು. ಆ ದಿನದ ಖುಷಿ ಇವತ್ತಿಗೂ ಹಾಗೇ ಇದೆ. ಮೊಳಕೆ ಕಾಳೂ ಒಳ್ಳೆಯ ಸೇತುವೆ. ಆದರೆ ಮಳೆಗಾಲದಲ್ಲಿ ಬೇಗ ಹುಳಿಯುತ್ತದೆ, ಎರಡು ಗಂಟೆ ಬಿಟ್ಟು ಉಳಿದದ್ದನ್ನು ಚೆಲ್ಲಿ. ಹುಷಾರಿಲ್ಲದ ಹಕ್ಕಿಯ ಮೇಲೆ ಈ ಪ್ರಯೋಗ ಬೇಡ, ಅದು ಚೇತರಿಸಿಕೊಳ್ಳುವವರೆಗೆ ರೂಢಿಯ ಕಾಳನ್ನೇ ತಿನ್ನಲಿ.

ನಮ್ಮ ಕಡೆಯವರು ಗಮನಿಸಬೇಕಾದ್ದು ಇನ್ನೂ ಇದೆ. ಕೊಳೆರೋಗಕ್ಕೆ ಅಡಿಕೆ ಮರಕ್ಕೆ ಬೋರ್ಡೋ ದ್ರಾವಣ ಹೊಡೆಸಿದಾಗ ಅದರಲ್ಲಿನ ಮೈಲುತುತ್ತ ಕೆಳಗಿನ ಗಿಡಗಳ ಮೇಲೂ ಬಿದ್ದಿರುತ್ತದೆ. ತೋಟದ ಸೊಪ್ಪನ್ನು ಹಕ್ಕಿಗೆ ಕೊಡಲೇಬೇಡಿ. ಕೆಸುವಿನ ಎಲೆ ಬೇಡ. ಹಿತ್ತಲಲ್ಲಿ ಬೆಣ್ಣೆಹಣ್ಣಿನ ಮರ ಇದ್ದರೆ ಮಗಳಿಗೆ ಹೇಳಿಡಿ, ಆ ಹಣ್ಣು ಬಡ್ಜಿಗೆ ವಿಷ. ಚಾಕಲೇಟು, ಕಾಫಿ, ಉಪ್ಪಿನ ತಿಂಡಿ, ಈರುಳ್ಳಿಯೂ ಬೇಡ. ಪಂಜರ ಅಡುಗೆಮನೆಯಲ್ಲಾಗಲಿ ಬಚ್ಚಲೊಲೆಯ ಹೊಗೆ ಬರುವ ಕಡೆಯಾಗಲಿ ಇರಬಾರದು. ನಾನ್‌ಸ್ಟಿಕ್ ಕಾವಲಿ ಅತಿಯಾಗಿ ಕಾದರೆ ಏಳುವ ಹಬೆ ನಮಗೆ ವಾಸನೆಯೂ ಬಾರದೆ ಹಕ್ಕಿಯನ್ನು ನಿಮಿಷಗಳಲ್ಲಿ ಕೊಲ್ಲಬಲ್ಲದು. ಸೊಳ್ಳೆ ಬತ್ತಿ, ಲೋಬಾನವನ್ನೂ ಆ ಕೋಣೆಯಲ್ಲಿ ಹಚ್ಚಬೇಡಿ. ರಾತ್ರಿ ಹತ್ತು ಹನ್ನೆರಡು ಗಂಟೆ ಕತ್ತಲು, ನಿಶ್ಶಬ್ದ ಬೇಕು.

ಕೊನೆಯದಾಗಿ ಒಂದು ಗ್ರಾಂ ಅಳೆಯುವ ಅಡುಗೆ ತಕ್ಕಡಿ ತನ್ನಿ. ಬಡ್ಜಿ ತೂಗುವುದು ಸಾಮಾನ್ಯವಾಗಿ 30ರಿಂದ 40 ಗ್ರಾಂ. ವಾರಕ್ಕೊಮ್ಮೆ ಬೆಳಿಗ್ಗೆ, ಕಾಳು ಹಾಕುವ ಮೊದಲು ತೂಗಿ ಮಗಳ ನೋಟ್‌ಬುಕ್ಕಿನಲ್ಲಿ ಬರೆಸಿ. ಮೂರು ನಾಲ್ಕು ಗ್ರಾಂ ಇಳಿದರೂ, ಹಕ್ಕಿ ಎಷ್ಟೇ ಚುರುಕಾಗಿ ಕಂಡರೂ, ವೈದ್ಯರ ಹತ್ತಿರ ಹೋಗಿ. ಇವತ್ತು ಆ ಹೆಣ್ಣು ಹಕ್ಕಿಯ ತೂಕ ಎಷ್ಟು ಬಂತು, ಹಿಕ್ಕೆ ಯಾವ ಬಣ್ಣದಲ್ಲಿದೆ ಅಂತ ಇಲ್ಲೇ ಕೆಳಗೆ ಬರೆಯಿರಿ. ರಾತ್ರಿ ಎಷ್ಟೊತ್ತಾದರೂ ನೋಡುತ್ತೇನೆ.