ಛಾಯಾಗ್ರಹಣದ ದೃಷ್ಟಿಯಿಂದ ಅತ್ಯಂತ ಸುಂದರವಾದ ಚಲನಚಿತ್ರ ಯಾವುದು?

ಈ ಪ್ರಶ್ನೆಗೆ ಸಿನಿಮಾಪ್ರಿಯರಲ್ಲಿ ಹಲವರು ವಿಶಾಲವಾದ ಹೊರಾಂಗಣ ದೃಶ್ಯಗಳನ್ನು ನೆನೆಯುತ್ತಾರೆ. ನನ್ನ ಆಯ್ಕೆ ಮಾತ್ರ ಸ್ಟ್ಯಾನ್ಲಿ ಕುಬ್ರಿಕ್ ನಿರ್ದೇಶನದ, ಜಾನ್ ಆಲ್ಕಾಟ್ ಛಾಯಾಗ್ರಹಣದ ‘ಬ್ಯಾರಿ ಲಿಂಡನ್’ (1975). ಅದರ ಕೆಲವು ಒಳಾಂಗಣ ದೃಶ್ಯಗಳನ್ನು ಮೇಣದಬತ್ತಿಯ ಬೆಳಕಿನಲ್ಲೇ ಸೆರೆಹಿಡಿಯುವ ಸಲುವಾಗಿ, ಮೂಲತಃ ನಾಸಾಕ್ಕಾಗಿ ಜೈಸ್ ಸಂಸ್ಥೆ ತಯಾರಿಸಿದ್ದ ಎಫ್/0.7 ಮಸೂರಗಳನ್ನು, ಅಂದರೆ ತುಂಬಾ ಅಗಲವಾಗಿ ತೆರೆದು ಮಂದ ಬೆಳಕನ್ನೂ ಸಾಕಷ್ಟು ಒಳಬಿಡುವ ಮಸೂರಗಳನ್ನು, ಕ್ಯಾಮೆರಾಗೆ ಹೊಂದಿಸಲಾಯಿತು. ಅಷ್ಟು ಅಗಲವಾಗಿ ತೆರೆದ ಮಸೂರದಲ್ಲಿ ಸ್ಪಷ್ಟವಾಗಿ ಕಾಣುವ ಆಳ ತೀರಾ ಕಡಿಮೆಯಾದ್ದರಿಂದ, ನಟರು ತುಸು ಮುಂದೆ ಬಾಗಿದರೂ ಮುಖ ಮಸುಕಾಗುತ್ತದೆ. ಇಸ್ಪೀಟಿನ ಮೇಜಿನ ದೃಶ್ಯವನ್ನು ಗಮನಿಸಿ: ಹೊಂಬಣ್ಣದ ಬೆಳಕಿನಲ್ಲಿ ಎಲ್ಲರೂ ಹೆಚ್ಚುಕಡಿಮೆ ಅಲುಗಾಡದೆ ಕುಳಿತಿರುವಾಗ, ಕಥಾನಾಯಕ ಬ್ಯಾರಿ ಮತ್ತು ನಾಯಕಿ ಲೇಡಿ ಲಿಂಡನ್ ಅವರ ನೋಟಗಳೇ ಇಡೀ ಕಥೆಯನ್ನು ಹೇಳಿಬಿಡುತ್ತವೆ. ತಾಂತ್ರಿಕ ಮಿತಿಯೊಂದು ಭಾವವಾಗಿ ಮಾರ್ಪಡುವ ಇಂತಹ ಕ್ಷಣಗಳು ನಿಜಕ್ಕೂ ಅಪರೂಪ.

ಇದರ ಪಕ್ಕದಲ್ಲಿಡಬಹುದಾದದ್ದು ಟೆರೆನ್ಸ್ ಮಲಿಕ್ ನಿರ್ದೇಶನದ ‘ಡೇಸ್ ಆಫ್ ಹೆವನ್’ (1978). ಛಾಯಾಗ್ರಾಹಕ ನೆಸ್ಟರ್ ಆಲ್ಮೆಂಡ್ರೋಸ್ ಅದರ ಬಹಳಷ್ಟು ಭಾಗವನ್ನು, ಸೂರ್ಯ ಮುಳುಗಿದ ಮೇಲೆ ಕೆಲವೇ ನಿಮಿಷ ಉಳಿಯುವ ನೆರಳಿಲ್ಲದ ಬೆಳಕಿನಲ್ಲಿ ಚಿತ್ರಿಸಿದರು. ಗೋಧಿ ಹೊಲದ ಆ ಚಿತ್ರಗಳು ಕಣ್ಣಿಗೆ ಕಟ್ಟಿದಂತಿವೆ, ಆದರೂ ಮನುಷ್ಯರ ಮುಖಗಳನ್ನು ಅಷ್ಟು ಹತ್ತಿರದಿಂದ ನೋಡುವ ಕುಬ್ರಿಕ್ ಚಿತ್ರವೇ ನನಗೆ ಒಂದು ತೂಕ ಹೆಚ್ಚು.