ಸಂತೆಯಲ್ಲಿ ಕೊಂಡ ಹಳೆಯ ಚಿತ್ರಗಳಿಗೆ ಬಣ್ಣ ಹಚ್ಚಿ ಮನೆಯ ಅಲಂಕಾರಕ್ಕೆ ಬಳಸಬಹುದೇ?

ಬೆಂಗಳೂರಿನ ಚಿಕ್ಕಪೇಟೆಯ ಸಂಡೇ ಬಜಾರಿನಲ್ಲಿ ಕಟ್ಟು ಹಾಕಿದ ಮೂರು ಹಳೆಯ ಚಿತ್ರಗಳನ್ನು ಕೊಂಡಿರುವುದಾಗಿ ನೀವು ಬರೆದಿದ್ದೀರಿ. ಒಂದು ಕ್ಯಾನ್ವಾಸಿನ ಮೇಲೆ ಮುದ್ರಿಸಿದ ಹಿಮಪರ್ವತದ ದೃಶ್ಯ, ಇನ್ನೊಂದು ಗಾಜಿನೊಳಗಿರುವ ಲಕ್ಷ್ಮಿಯ ಪಟ, ಮೂರನೆಯದು ಸಹಿ ಓದಲಾಗದ ಎಣ್ಣೆಬಣ್ಣದ ಚಿತ್ರ. ಇವುಗಳ ಮೇಲೆ ಬಣ್ಣ ಹಚ್ಚಿ ಬಾಡಿಗೆ ಮನೆಯ ನಡುಮನೆಗೆ ಹೊಂದಿಸಬಹುದೇ, ಯಾವ ಬಣ್ಣ ಬಳಸಬೇಕು ಎಂಬುದು ನಿಮ್ಮ ಪ್ರಶ್ನೆ. ಹಳೆಯ ಪಟಗಳನ್ನು ಹೊಸದಾಗಿ ರೂಪಿಸುವ ಕೆಲಸದಲ್ಲಿ ಬಹಳ ಕಾಲದಿಂದ ತೊಡಗಿಕೊಂಡಿರುವುದರಿಂದ ನೇರವಾಗಿಯೇ ಹೇಳುತ್ತೇನೆ: ಮೊದಲನೆಯದರ ಮೇಲೆ ಧಾರಾಳವಾಗಿ ಬಣ್ಣ ಹಚ್ಚಿ, ಎರಡನೆಯದರಲ್ಲಿ ಗಾಜು ಮತ್ತು ಕಟ್ಟನ್ನು ಬಳಸಿಕೊಂಡು ಪಟವನ್ನು ಹಾಗೆಯೇ ಉಳಿಸಿ, ಮೂರನೆಯದನ್ನು ಸದ್ಯಕ್ಕೆ ಮುಟ್ಟಬೇಡಿ.

ಈ ಕೆಲಸದಲ್ಲಿ ಕುಂಚ ಹಿಡಿಯುವುದಕ್ಕಿಂತ ಮೊದಲು ಕೈಯಲ್ಲಿರುವ ವಸ್ತು ಯಾವುದೆಂದು ತಿಳಿದುಕೊಳ್ಳಬೇಕು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಸಣ್ಣ ಭೂತಗನ್ನಡಿ ಇದಕ್ಕೆ ಸಾಕು. ಅದರ ಮೂಲಕ ನೋಡಿದಾಗ ನಾಲ್ಕು ಬಣ್ಣದ ಚುಕ್ಕೆಗಳು ಸಾಲುಸಾಲಾಗಿ, ಸಣ್ಣ ಹೂವಿನ ಆಕಾರದಲ್ಲಿ ಕೂಡಿಕೊಂಡಿರುವುದು ಕಂಡರೆ ಅದು ಆಫ್‌ಸೆಟ್ ಮುದ್ರಣ; ಕ್ಯಾಲೆಂಡರಿನ ಪಟಗಳು ಹೆಚ್ಚಾಗಿ ಇದೇ ಬಗೆಯವು. ಚುಕ್ಕೆಗಳು ಯಾವ ಕ್ರಮವೂ ಇಲ್ಲದೆ ಸಿಂಪಡಿಸಿದಂತೆ ಇದ್ದರೆ ಅದು ಇತ್ತೀಚಿನ ಇಂಕ್‌ಜೆಟ್ ಮುದ್ರಣವಾಗಿರುವ ಸಾಧ್ಯತೆ ಹೆಚ್ಚು. ಕಲ್ಲಚ್ಚಿನ ಹಳೆಯ ಪಟಗಳಲ್ಲಿ ಕೈಯಿಂದಲೇ ಇಟ್ಟ ಒರಟು ಚುಕ್ಕೆಗಳು ಕಾಣುತ್ತವೆ, ಏಕೆಂದರೆ ಅಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲನ್ನು ಸಿದ್ಧಪಡಿಸಿ ಒಂದರ ಮೇಲೊಂದು ಅಚ್ಚೊತ್ತುತ್ತಿದ್ದರು. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಮುದ್ರಣಾಲಯದಿಂದ ಹೊರಬಂದ ದೇವದೇವಿಯರ ಪಟಗಳು ಈ ಬಗೆಯವು. ಇಂಥ ಪಟಗಳ ಮೇಲೆ ಕೆಲವೊಮ್ಮೆ ಕ್ಯಾನ್ವಾಸಿನ ನೇಯ್ಗೆಯಂಥ ಒತ್ತುಗುರುತು ಮತ್ತು ವಾರ್ನಿಷ್ ಇರುವುದರಿಂದ, ಬರಿಗಣ್ಣಿಗೆ ಎಣ್ಣೆಬಣ್ಣದ ಚಿತ್ರವೆಂದೇ ತೋರುತ್ತದೆ. ನಿಮ್ಮ ಲಕ್ಷ್ಮಿಯ ಪಟ ಈ ಗುಂಪಿಗೆ ಸೇರಿದ್ದಾದರೆ ಅದು ಬಣ್ಣ ಬಳಿಯುವ ವಸ್ತುವೇ ಅಲ್ಲ.

ಎಣ್ಣೆಬಣ್ಣದ ಚಿತ್ರದ ವಿಷಯದಲ್ಲಿ ನನ್ನ ನಿಲುವು ಇನ್ನೂ ಕಟ್ಟುನಿಟ್ಟಾದದ್ದು. ಸಹಿ ಓದಲಾಗದು ಎಂದ ಮಾತ್ರಕ್ಕೆ ಅದು ಯಾರದೂ ಅಲ್ಲ ಎಂದಾಗುವುದಿಲ್ಲ. ಚಿತ್ರದ ಹಿಂಬದಿಯನ್ನು ನೋಡಿ. ಪ್ರದರ್ಶನದ ಚೀಟಿ, ಕಟ್ಟು ಹಾಕಿದ ಅಂಗಡಿಯ ಮುದ್ರೆ, ಪೆನ್ಸಿಲಿನಲ್ಲಿ ಬರೆದ ಇಸವಿ ಇತ್ಯಾದಿ ಅಲ್ಲಿ ಉಳಿದಿರುವುದುಂಟು. ಅವುಗಳ ಛಾಯಾಚಿತ್ರ ತೆಗೆದುಕೊಂಡು ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ಕಲಾವಿದರನ್ನು ವಿಚಾರಿಸಿದರೆ, ಸಹಿಯನ್ನು ಗುರುತು ಹಿಡಿಯಬಲ್ಲವರು ಸಿಕ್ಕಬಹುದು. ಅಷ್ಟರವರೆಗೆ ಮೃದುವಾದ ಒಣ ಕುಂಚದಿಂದ ಧೂಳು ಕೊಡವಿದರೆ ಸಾಕು. ಕತ್ತರಿಸಿದ ಆಲೂಗಡ್ಡೆಯಿಂದಲೋ ಸಾಬೂನು ನೀರಿನಿಂದಲೋ ಉಜ್ಜಿ ಎಂದು ಹೇಳುವವರಿದ್ದಾರೆ. ತೇವ ಬಿರುಕುಗಳ ಒಳಗಿಳಿದು ಬಣ್ಣದ ಪದರ ಎದ್ದುಬರುವುದರಿಂದ ದಯವಿಟ್ಟು ಹಾಗೆ ಮಾಡಬೇಡಿ. ತಾಂತ್ರಿಕವಾಗಿಯೂ ಅಡ್ಡಿಯಿದೆ: ನೀರಿನಲ್ಲಿ ಕರಗುವ ಅಕ್ರಿಲಿಕ್ ಬಣ್ಣ ಎಣ್ಣೆಯ ಪದರವನ್ನು ಸರಿಯಾಗಿ ಹಿಡಿದುಕೊಳ್ಳದೆ ಕಾಲಕ್ರಮದಲ್ಲಿ ಸುಲಿದುಬರುತ್ತದೆ.

ಇದರಲ್ಲಿ ಕಾನೂನಿನ ಮಾತೂ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಮು, ಕೃತಿಯನ್ನು ಮಾರಿದ ಮೇಲೂ ತನ್ನ ಗೌರವಕ್ಕೆ ಕುಂದು ತರುವಂತೆ ಅದನ್ನು ವಿರೂಪಗೊಳಿಸುವುದನ್ನು ಪ್ರಶ್ನಿಸುವ ಹಕ್ಕನ್ನು ಕಲಾವಿದನಿಗೆ ಉಳಿಸಿದೆ. ವಿಜ್ಞಾನ ಭವನದಲ್ಲಿದ್ದ ತಮ್ಮ ಕಂಚಿನ ಭಿತ್ತಿಶಿಲ್ಪವನ್ನು ಕಿತ್ತು ಹಾಳುಗೆಡವಿದ ಬಗ್ಗೆ ಶಿಲ್ಪಿ ಅಮರನಾಥ ಸೆಹಗಲ್ ಹೂಡಿದ್ದ ದಾವೆಯಲ್ಲಿ, ದೆಹಲಿ ಉಚ್ಚ ನ್ಯಾಯಾಲಯ 2005ರಲ್ಲಿ ಇದೇ ಕಲಮಿನ ಆಧಾರದ ಮೇಲೆ 5 ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶಿಸಿತು. ನಿಮ್ಮ ನಡುಮನೆಯ ಗೋಡೆಗೆ ಅಂಥ ಮೊಕದ್ದಮೆ ಬರುತ್ತದೆಂದು ನಾನು ಹೇಳುತ್ತಿಲ್ಲ. ಆದರೆ ಬೇರೊಬ್ಬರು ಕೈಯಾರೆ ಬರೆದ ಚಿತ್ರದ ಮೇಲೆ ಬಣ್ಣ ಹಚ್ಚಿ ಮಾರುವ ಆಲೋಚನೆ ಮುಂದೆಂದಾದರೂ ಬಂದರೆ ಇದು ನೆನಪಿನಲ್ಲಿರಲಿ.

ಈಗ ಹಿಮಪರ್ವತಕ್ಕೆ ಬರೋಣ. ಮೊದಲು ಅದನ್ನು ಚೆನ್ನಾಗಿ ಒರೆಸಿ ಒಣಗಿಸಿ, ಹೊಳಪಿನ ಲೇಪವಿದ್ದರೆ 220ನೇ ನಂಬರಿನ ಸ್ಯಾಂಡ್ ಪೇಪರಿನಿಂದ ಹೊಳಪು ಮಾಯುವಷ್ಟು ಮಾತ್ರ ಹಗುರವಾಗಿ ಉಜ್ಜಿ. ಈ ಹಂತವನ್ನು ಬಿಟ್ಟರೆ ಅಕ್ರಿಲಿಕ್ ಬಣ್ಣ ಹನಿಹನಿಯಾಗಿ ಬೇರೆಯಾಗುತ್ತದೆ. ಚಿತ್ರವನ್ನು ಪೂರ್ತಿ ಮುಚ್ಚುವುದಾದರೆ ಜೆಸ್ಸೋ ಎಂಬ ಬಿಳಿಯ ಅಸ್ತರಿಯನ್ನು ಎರಡು ಸಲ ತೆಳುವಾಗಿ, ಒಂದು ಅಡ್ಡಲಾಗಿ ಮತ್ತೊಂದು ಉದ್ದಕ್ಕೆ ಹಚ್ಚಿ, ಒಂದು ದಿನ ಒಣಗಲು ಬಿಡಬೇಕು. ಆದರೆ ಪೂರ್ತಿ ಮುಚ್ಚಬೇಡಿ ಎಂಬುದೇ ನನ್ನ ಸಲಹೆ. ಖಾಲಿ ಕ್ಯಾನ್ವಾಸ್ ಬೇಕಿದ್ದರೆ ಅದು ಅಂಗಡಿಯಲ್ಲೇ ಸಿಗುತ್ತದೆ. ಹಳೆಯ ಚಿತ್ರವನ್ನು ಕೊಂಡ ಸಾರ್ಥಕತೆ ಇರುವುದು ಅದರಲ್ಲಿ ಈಗಾಗಲೇ ಇರುವುದರೊಂದಿಗೆ ನೀವು ಸೇರಿಸುವುದು ಕೂಡಿಬಂದಾಗ. ಆಕಾಶವನ್ನೂ ಹಿಮದ ಶಿಖರಗಳನ್ನೂ ಹಾಗೆಯೇ ಬಿಟ್ಟು, ಮುಂಭಾಗದ ಪೈನ್ ಮರಗಳಿರುವಲ್ಲಿ ಒಂದು ಹೆಂಚಿನ ಮನೆ, ಅಡಿಕೆ ಮರಗಳ ಸಾಲು, ಒಂದು ಬಾವಿಕಟ್ಟೆ ಬರೆದು ನೋಡಿ. ಎಲ್ಲಿಯೂ ಇಲ್ಲದ ಒಂದು ಊರು ಅಲ್ಲಿ ಹುಟ್ಟುತ್ತದೆ, ಬಂದವರು ಅದರ ಮುಂದೆ ನಿಂತು ನೋಡುತ್ತಾರೆ.

ಹೀಗೆ ಭಾಗಶಃ ಬರೆಯುವಾಗ ಹೊಸದು ಹಳೆಯದಕ್ಕೆ ಅಂಟಿಸಿದಂತೆ ಕಾಣದಿರಬೇಕಾದರೆ ಎರಡು ವಿಷಯಗಳಲ್ಲಿ ಎಚ್ಚರ ಬೇಕು. ಮೂಲಚಿತ್ರದಲ್ಲಿ ಬೆಳಕು ಯಾವ ಕಡೆಯಿಂದ ಬೀಳುತ್ತಿದೆ ಎಂಬುದನ್ನು ಗುರುತಿಸಿ, ನಿಮ್ಮ ಮನೆಯ ನೆರಳೂ ಮರದ ನೆರಳೂ ಅದೇ ದಿಕ್ಕಿಗೆ ಬೀಳುವಂತೆ ನೋಡಿಕೊಳ್ಳಬೇಕು. ಬಾಟಲಿಯಿಂದ ತೆಗೆದ ಬಣ್ಣ ವರ್ಷಗಟ್ಟಲೆ ಬಿಸಿಲು ಕಂಡ ಮುದ್ರಣಕ್ಕಿಂತ ಬಹಳ ಗಾಢವಾಗಿರುವುದರಿಂದ, ಹಸಿರಿಗೆ ಚೂರು ಕೆಂಪನ್ನು, ನೀಲಿಗೆ ಚೂರು ಕಿತ್ತಳೆಯನ್ನು ಬೆರೆಸಿ ಅದರ ತೀವ್ರತೆಯನ್ನು ಇಳಿಸಬೇಕು. ಬರೆಯುವ ಮೊದಲು ಚಿತ್ರದ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಹಾಸಿ, ಮನೆ ಎಲ್ಲಿ ನಿಲ್ಲಬೇಕು, ಮರ ಎಷ್ಟು ಎತ್ತರವಿರಬೇಕು ಎಂಬುದನ್ನು ಮಾರ್ಕರಿನಿಂದ ಗೀಚಿ ನೋಡಿಕೊಳ್ಳಿ. ಅದನ್ನು ಅಳಿಸಿ ಮತ್ತೆ ಬರೆಯಬಹುದು. ಅಂಗಡಿಗಳಲ್ಲಿ ಸಿಗುವ ಕ್ಯಾಮೆಲ್, ಫೆವಿಕ್ರಿಲ್‌ನಂಥ ಸಾಮಾನ್ಯ ಅಕ್ರಿಲಿಕ್ ಬಣ್ಣಗಳೇ ಇದಕ್ಕೆ ಸಾಕು.

ಲಕ್ಷ್ಮಿಯ ಪಟದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ನಮ್ಮಲ್ಲಿ ಗಾಜು ಒಡೆದ, ಬಣ್ಣ ಮಾಸಿದ ದೇವರ ಪಟಗಳನ್ನು ಅಶ್ವತ್ಥಕಟ್ಟೆಯ ಮೇಲೆ ಬಿಟ್ಟುಬರುವ ರೂಢಿಯಿದೆ. ಎಸೆಯಲು ಮನಸ್ಸು ಬಾರದವರು ಕಂಡುಕೊಂಡ ದಾರಿ ಅದು. ಯಾರೋ ಕೈಮುಗಿದು ಪೂಜಿಸಿದ ಮುಖದ ಮೇಲೆ ಬಣ್ಣ ಬಳಿಯುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಆದರೆ ಪಟವನ್ನು ಅಲಂಕರಿಸುವುದು ನಮಗೆ ಹೊಸದಲ್ಲ. ರವಿವರ್ಮನ ಪಟಗಳು ಮನೆಮನೆಗೆ ಬಂದ ಕಾಲದಲ್ಲಿ, ಮುದ್ರಿತ ದೇವಿಯ ಸೀರೆಗೆ ನಿಜವಾದ ಬಟ್ಟೆ ಮತ್ತು ಜರಿಯನ್ನೂ ಒಡವೆಗೆ ಚಮ್ಕಿ ಮತ್ತು ಮಣಿಗಳನ್ನೂ ಅಂಟಿಸಿ, ಒಂದೇ ಅಚ್ಚಿನ ಸಾವಿರಾರು ಪ್ರತಿಗಳಲ್ಲಿ ತಮ್ಮದನ್ನು ಬೇರೆಯಾಗಿಸಿಕೊಂಡವರಿದ್ದರು. ನಿಮ್ಮದು ಸಾಧಾರಣ ಆಫ್‌ಸೆಟ್ ಪಟವೆಂದು ಖಚಿತವಾದರೆ ಈ ದಾರಿಯಲ್ಲಿ ಹೋಗಬಹುದು.

ಇನ್ನು ಆ ಪಟದ ಗಾಜು ನಿಮಗೆ ದೊರೆತಿರುವ ಒಳ್ಳೆಯ ವಸ್ತು. ಗಾಜಿನ ಹಿಂಬದಿಯಲ್ಲಿ ಚಿತ್ರ ಬರೆಯುವ ಕಲೆ 18ನೇ ಶತಮಾನದಲ್ಲಿ ಚೀನಾದೊಡನೆ ನಡೆಯುತ್ತಿದ್ದ ವ್ಯಾಪಾರದ ಮೂಲಕ ನಮ್ಮ ದೇಶದ ಪಶ್ಚಿಮ ಕರಾವಳಿಗೆ ಬಂದು, ಮುಂದೆ ಮೈಸೂರು ಮತ್ತು ತಂಜಾವೂರಿನಲ್ಲಿ ನೆಲೆಯೂರಿತು. ಇದರಲ್ಲಿ ಕೆಲಸದ ಕ್ರಮ ಪೂರ್ತಿ ತಿರುವುಮುರುವು: ಸಾಮಾನ್ಯ ಚಿತ್ರದಲ್ಲಿ ಕೊನೆಗೆ ಬರುವ ರೇಖೆ, ಕಣ್ಣಿನ ಹೊಳಪು, ಒಡವೆಯ ಚುಕ್ಕೆಗಳನ್ನು ಇಲ್ಲಿ ಮೊದಲು ಬರೆಯಬೇಕು, ಅವು ಒಣಗಿದ ಮೇಲೆ ಮೈಬಣ್ಣ ಮತ್ತು ಉಡುಗೆ, ಎಲ್ಲಕ್ಕಿಂತ ಕೊನೆಗೆ ಹಿನ್ನೆಲೆ. ಎಡಬಲಗಳೂ ಬದಲಾಗುವುದರಿಂದ ಮಾದರಿಯನ್ನು ಬೆಣ್ಣೆಕಾಗದದ ಮೇಲೆ ಬರೆದು, ಅದನ್ನು ಮಗುಚಿ ಗಾಜಿನ ಕೆಳಗಿಟ್ಟುಕೊಳ್ಳಬೇಕು. ಗಾಜನ್ನು ಸಾಬೂನಿನಿಂದ ತೊಳೆದು ಸ್ಪಿರಿಟ್‌ನಿಂದ ಒರೆಸಿದ ಮೇಲೆ ಬೆರಳಿನ ಜಿಡ್ಡು ತಾಗಬಾರದು. ಎನಾಮಲ್ ಬಣ್ಣ ಇದಕ್ಕೆ ಚೆನ್ನಾಗಿ ಹಿಡಿಯುತ್ತದೆ. ಹಿನ್ನೆಲೆಯಲ್ಲಿ ಅಲ್ಲಲ್ಲಿ ಬಣ್ಣ ಬಳಿಯದೆ ಬಿಟ್ಟು, ಸುಕ್ಕು ಮಾಡಿದ ಬಂಗಾರದ ಬಣ್ಣದ ತಗಡುಕಾಗದವನ್ನು ಹಿಂದೆ ಇಟ್ಟು ಕಟ್ಟು ಹಾಕಿದರೆ, ಸಂಜೆಯ ದೀಪದಲ್ಲಿ ಅದು ಬೆಳಗುವ ರೀತಿಯನ್ನು ನೀವೇ ನೋಡಬೇಕು.

ಕಟ್ಟು ತೇಗದ್ದೋ ಬೀಟೆಯದೋ ಆಗಿದ್ದರೆ ಮೇಣದ ಪಾಲಿಶ್ ಸಾಕು, ಬಣ್ಣ ಬೇಡ. ಬೇರೆ ಮರವಾಗಿದ್ದು ಮೊದಲೇ ಬಣ್ಣ ಬಳಿದಿದ್ದರೆ ಒಣಗಿರುವಾಗ ಉಜ್ಜಬೇಡಿ. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ 10 ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ರೂಪುಗೊಂಡದ್ದು 2016ರಲ್ಲಿ, ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಬಣ್ಣದ ಧೂಳು ಮಕ್ಕಳಿರುವ ಮನೆಗೆ ಒಳ್ಳೆಯದಲ್ಲ. ಮಾಸ್ಕ್ ಹಾಕಿಕೊಂಡು, ನೀರು ತಾಳುವ ಎಮರಿ ಕಾಗದವನ್ನು ಒದ್ದೆ ಮಾಡಿ ಉಜ್ಜಿ, ಕೆಸರನ್ನು ಬಟ್ಟೆಯಿಂದ ಒರೆಸಿ ತೆಗೆಯಿರಿ. ಬಂಗಾರದ ಬಣ್ಣ ಹಚ್ಚುವ ಉದ್ದೇಶವಿದ್ದರೆ ಕೆಳಗೆ ಕೆಮ್ಮಣ್ಣಿನ ಬಣ್ಣದ ಒಂದು ಪದರ ಇರಲಿ. ಚಿನ್ನದ ರೇಕು ಅಂಟಿಸುವವರು ಕೆಂಪು ನೆಲವನ್ನು ಸಿದ್ಧಪಡಿಸಿಕೊಳ್ಳುವುದು ಇದೇ ಕಾರಣಕ್ಕೆ, ಅದರಿಂದ ಮೇಲಿನ ಹಳದಿಗೆ ಬಿಸುಪು ಬರುತ್ತದೆ.

ಹಿಂಬದಿಯ ಹಳೆಯ ರಟ್ಟನ್ನು ಮಾತ್ರ ತಪ್ಪದೆ ಬದಲಾಯಿಸಿ, ಏಕೆಂದರೆ ಬೆಳ್ಳಿಹುಳು, ಗೆದ್ದಲು ಮತ್ತು ಬೂಷ್ಟು ಮನೆಗೆ ಬರುವುದು ಅದರ ಜೊತೆಯಲ್ಲೇ. ಕ್ಯಾನ್ವಾಸಿನ ಚಿತ್ರಕ್ಕೆ, ಬಣ್ಣ ಪೂರ್ತಿ ಒಣಗಿದ ಮೇಲೆ, ನೀರಿನಲ್ಲಿ ಕರಗುವ ಮ್ಯಾಟ್ ವಾರ್ನಿಷನ್ನು ಎರಡು ಸಲ ತೆಳುವಾಗಿ ಹಚ್ಚಿ. ಎಣ್ಣೆಯ ವಾರ್ನಿಷ್ ಕೆಲವು ವರ್ಷಗಳಲ್ಲಿ ಹಳದಿಗೆ ತಿರುಗುತ್ತದೆ. ಮಳೆಗಾಲದಲ್ಲಿ ಈ ಲೇಪ ಒಣಗುವುದು ನಿಧಾನವಾದ್ದರಿಂದ ಬಿಸಿಲಿನ ದಿನಗಳಿಗೆ ಕಾಯುವುದು ಉತ್ತಮ. ಗೋಡೆಗೆ ಹಾಕುವಾಗ ಕಟ್ಟಿನ ಹಿಂದೆ ಕೆಳಗಿನ ಎರಡು ಮೂಲೆಗಳಿಗೆ ರಬ್ಬರ್ ಬಿಲ್ಲೆಗಳನ್ನು ಅಂಟಿಸಿದರೆ ಚಿತ್ರಕ್ಕೂ ಗೋಡೆಗೂ ನಡುವೆ ಗಾಳಿಯಾಡುತ್ತದೆ, ಬಾಡಿಗೆ ಮನೆಯ ಗೋಡೆಯ ಮೇಲೆ ಗೀರೂ ಬೀಳುವುದಿಲ್ಲ.